ಹೆಸರನ್ನು ಸ್ಪಷ್ಟವಾಗಿ ಹೇಳತಕ್ಕದ್ದು

ಬಸ್ ನಿಲ್ದಾಣದ ಹಿಂದಿರುವ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಗಾಜಿನ ಬೀರು ಇತ್ತು; ಬೀರುವಿಗೊಂದು ಬೀಗ, ಬೀಗಕ್ಕೊಂದು ಕೀಲಿಕೈ. ಆ ಕೀಲಿಕೈ ಯಾರ ಜೇಬಿನಲ್ಲಿ ಇರತಕ್ಕದ್ದು ಎಂಬುದು ಮನುಕುಲದ ಮಹಾಪ್ರಶ್ನೆಗಳಲ್ಲಿ ಒಂದೆಂದು ಇದುವರೆಗೆ ಯಾವ ಇತಿಹಾಸಕಾರನಿಗೂ ಹೊಳೆದಿಲ್ಲ. ಸಾಮ್ರಾಜ್ಯಗಳು ಮುಳುಗಿದ್ದಕ್ಕೆ, ನದಿಗಳು ದಿಕ್ಕು ಬದಲಿಸಿದ್ದಕ್ಕೆ ದಿಂಬಿನಷ್ಟು ದಪ್ಪದ ಸಂಪುಟಗಳಿವೆ. ಈ ಬೀಗದ ಬಗ್ಗೆ ಒಂದು ಚೀಟಿಯೂ ಇಲ್ಲ. ಆ ಕೊರತೆಯನ್ನು ಇಲ್ಲಿ ಕೈಲಾದಮಟ್ಟಿಗೆ ತುಂಬಲಾಗಿದೆ.

ಕೀಲಿಕೈ ಇದ್ದದ್ದು ಗ್ರಂಥಪಾಲಕರ ಜೇಬಿನಲ್ಲಿ. ಅವರನ್ನು ಊರೆಲ್ಲ 'ಶ್ ಸಾಹೇಬರು' ಎನ್ನುತ್ತಿತ್ತು. ಎದುರಿನವರು ಬಾಯಿ ತೆರೆಯುವ ಮೊದಲೇ ಬೆರಳು ತುಟಿಗೆ ಹೋಗುವ ಮನುಷ್ಯ. ಅವರ ಒಂದು ನೋಟಕ್ಕೆ ಹೆದರಿ, ಹೊರಡಲಿದ್ದ ಕೆಮ್ಮು ಗಂಟಲಿಗೇ ವಾಪಸಾಗುತ್ತಿತ್ತು. ಬೀರುವಿನ ನೆತ್ತಿಯ ಮೇಲೆ ಅವರ ಕೈಬರಹದ ಬೋರ್ಡು: 'ಇದರೊಳಗಿನ ಪುಸ್ತಕ ಬೇಕಾದವರು ಗ್ರಂಥಪಾಲಕರ ಮುಂದೆ ಅದರ ಹೆಸರನ್ನು ಸ್ಪಷ್ಟವಾಗಿ ಹೇಳತಕ್ಕದ್ದು.'

ಒಳಗಿದ್ದದ್ದು ಎರಡು ದಪ್ಪ ನಿಘಂಟು ಮತ್ತು ಆರೋಗ್ಯದ ಕೆಲವು ಪುಸ್ತಕಗಳು. ಎಲ್ಲ ಆರೋಗ್ಯವೂ ಅಲ್ಲ. ಹಲ್ಲು, ಕಣ್ಣು, ಮೊಣಕಾಲು, ಬೆನ್ನುನೋವು, ಇವೆಲ್ಲ ಹೊರಗಿನ ಕಪಾಟಿನಲ್ಲಿ ಗಾಳಿಗೆ ಮೈಯೊಡ್ಡಿ ಕೂತಿದ್ದವು. ಸೊಂಟದಿಂದ ಕೆಳಗಿನ, ಮೊಣಕಾಲಿನಿಂದ ಮೇಲಿನ ಭಾಗಕ್ಕೆ ಸಂಬಂಧಪಟ್ಟ ಜ್ಞಾನ ಮಾತ್ರ ಗಾಜಿನ ಹಿಂದೆ, ನುಸಿಗುಳಿಗೆಯ ವಾಸನೆಯಲ್ಲಿ, ಬೀಗದೊಳಗೆ. ಎದುರಿಗೇ ಪತ್ರಿಕೆ ಓದುವ ಉದ್ದ ಮೇಜು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿವೃತ್ತ ಗಂಡಸರ ಸಾಲು, ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು. ಅಷ್ಟು ಜೋಡಿ ಕಿವಿಗಳ ಮುಂದೆ ಆ ಹೆಸರುಗಳನ್ನು ಸ್ಪಷ್ಟವಾಗಿ ಹೇಳುವ ಗಂಡೆದೆ ಗಂಡಸರಿಗೇ ಇರಲಿಲ್ಲ.

"ಬೇಡಿಕೆಯೇ ಇಲ್ಲ ನೋಡಿ," ಎಂದು ಶ್ ಸಾಹೇಬರು ಮೇಲಧಿಕಾರಿಗಳಿಗೆ ವರದಿ ಒಪ್ಪಿಸುತ್ತಿದ್ದರು. ಬಾವಿಗೆ ಮುಚ್ಚಳ ಜಡಿದು, ಊರಿಗೆ ಬಾಯಾರಿಕೆಯೇ ಆಗುವುದಿಲ್ಲ ಎಂದ ಹಾಗೆ.

ಇಂಥ ಬೀರುವಿನ ಮುಂದೆ ಒಂದು ಮಧ್ಯಾಹ್ನ ಮೈಕಕ್ಕ ಬಂದು ನಿಂತಳು.

ನಿಲ್ದಾಣದ ನಡುವಿನ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳು ಬರುವುದನ್ನು, ಹೊರಡುವುದನ್ನು ಮೈಕಿನಲ್ಲಿ ಸಾರುವುದು ಅವಳ ಕೆಲಸ. ಅವಳ ದನಿಗೆ ಹೆಸರಿತ್ತು. 'ದಯವಿಟ್ಟು ಗಮನಿಸಿ' ಎಂದು ಅವಳೆಂದರೆ ಅಳುವ ಮಗುವೂ ಅಳು ನಿಲ್ಲಿಸಿ ಗಮನಿಸುತ್ತಿತ್ತು. ಆದರೆ ಕೆಲವು ತಿಂಗಳಿನಿಂದ, ಮಾತಿನ ಮಧ್ಯದಲ್ಲೇ, ಎದೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಗುತ್ತಿತ್ತು. ಬಿಸಿ ಕುತ್ತಿಗೆಗೆ ಏರಿ, ಕಿವಿಗೆ ಏರಿ, ನೆತ್ತಿಯಲ್ಲಿ ಬೆವರಾಗಿ ಒಡೆದು ಇಳಿಯುತ್ತಿತ್ತು. ಮುಂದಿದ್ದ ವೇಳಾಪಟ್ಟಿಯ ಅಕ್ಷರಗಳು ಜಾತ್ರೆಯ ಜನರಂತೆ ಒಂದರೊಳಗೊಂದು ನುಗ್ಗುತ್ತಿದ್ದವು. ರಾತ್ರಿ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಿದ್ದಾಯಿತು. ಅವರು ತಲೆಯೆತ್ತದೆ, "ವಯಸ್ಸಮ್ಮ, ಎಲ್ರಿಗೂ ಆಗತ್ತೆ," ಎಂದು ಶಕ್ತಿಯ ಮಾತ್ರೆ ಬರೆದು ಮುಂದಿನವರನ್ನು ಕರೆದಿದ್ದರು. ಎಲ್ಲರಿಗೂ ಆಗುವುದು ಏನು ಎಂದು ಹೇಳಿರಲಿಲ್ಲ.

ಪುಸ್ತಕಗಳೇನೋ ಮನೆಯಲ್ಲಿ ಇದ್ದವು. ನಾದಿನಿ ತಂದು ಸುರಿದಿದ್ದಳು. ಅವಳು ಯಾವ ಮನೆಗೆ ಹೋದರೂ ಹಣ್ಣಿನ ಬದಲು ಆರೋಗ್ಯದ ಪುಸ್ತಕ ಒಯ್ಯುವ ಜಾತಿ. ಒಂದು ಪುಸ್ತಕ, ಬೆಳಗಿನ ನಾಲ್ಕಕ್ಕೆ ಏಳಿ ಎನ್ನುತ್ತಿತ್ತು. ಮೈಕಕ್ಕ ಮೂರಕ್ಕೇ ಎದ್ದು ಕೂತಿರುತ್ತಿದ್ದಳು. ಇನ್ನೊಂದು, ಸಿಟ್ಟನ್ನು ಮೋಡದಂತೆ ತೇಲಿಬಿಡಿ ಎನ್ನುತ್ತಿತ್ತು. ಮೂರನೆಯದು ಸಕಲ ರೋಗಕ್ಕೂ ಬಿಸಿನೀರು ಕುಡಿಸುತ್ತಿತ್ತು. ಅದನ್ನು ಬರೆದವರಿಗೆ ಒಳಗಿನಿಂದಲೇ ಕುದಿಯುವವರ ಪರಿಚಯ ಇದ್ದಂತಿರಲಿಲ್ಲ.

ಪುಸ್ತಕ ಆರಿಸುವುದಕ್ಕೆ ಮೈಕಕ್ಕನಲ್ಲಿ ತನ್ನದೇ ಒಂದು ಒರೆಗಲ್ಲಿತ್ತು, ಕಸುಬಿನಿಂದ ಬಂದದ್ದು. ಯಾವ ಬಸ್ಸೂ ತಡವಾಗದ ವೇಳಾಪಟ್ಟಿಯನ್ನು ಅವಳು ನಂಬುವವಳಲ್ಲ. ಹಾಗೆಯೇ, 'ಗೊತ್ತಿಲ್ಲ' ಎಂದು ಒಮ್ಮೆಯೂ ಹೇಳದ, 'ಹೀಗಾದರೆ ಡಾಕ್ಟರನ್ನು ಕಾಣಿ' ಎಂದು ಎಲ್ಲಿಯೂ ಎಚ್ಚರಿಸದ ಪುಸ್ತಕ ಬುರುಡೆ ಪುಸ್ತಕ. ನಾದಿನಿಯ ಮೂರೂ ಈ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದವು. ಗಾಜಿನ ಬೀರುವಿನ ಹಸಿರು ರಟ್ಟಿನ ಪುಸ್ತಕ ಪಾಸಾಗಿತ್ತು. ಒಂದು ದಿನ ಧೂಳು ಹೊಡೆಯಲೆಂದು ಬೀರು ತೆರೆದಿದ್ದಾಗ ಅವಳು ಕೈಹಾಕಿ ಒಂದು ಪುಟ ಓದಿದ್ದಳು. 'ಇದು ಏಕೆ ಹೀಗೆ ಏರುತ್ತದೆಂದು ಪೂರ್ತಿ ತಿಳಿದಿಲ್ಲ. ಆದರೆ ಏರಿದಾಗ ಏನು ಮಾಡಬಹುದು ಎಂಬುದು ತಿಳಿದಿದೆ,' ಎಂದಿತ್ತು ಆ ಪುಟ. ಏನು ಮಾಡಬಹುದು ಎಂಬುದು ಮುಂದಿನ ಪುಟದಲ್ಲಿತ್ತು. ಮುಂದಿನ ಪುಟಕ್ಕೆ ಮೊದಲೇ ಶ್ ಸಾಹೇಬರ ಬೆರಳು ಬಂದಿತ್ತು.

"ಏನ್ ಬೇಕಿತ್ತಮ್ಮ?" ಈಗ ಅವರು ಪಿಸುಗುಟ್ಟಿದರು.

"ಅದೇ ಸಾರ್... ಆ ಹಸಿರು ರಟ್ಟಿಂದು."

"ಹೆಸರು?"

"ನಿಮಗೇ ಕಾಣ್ತಿದೆಯಲ್ಲ ಸಾರ್."

"ನನಗೆ ಕಾಣೋದು ಬೇರೆ, ನೀವು ಹೇಳೋದು ಬೇರೆ. ಬೋರ್ಡ್ ಓದಿದ್ರಾ?"

ಮೇಜಿನ ಉದ್ದಕ್ಕೂ ಪತ್ರಿಕೆಯ ಹಾಳೆಗಳು ಒಂದೊಂದು ಅಂಗುಲ ಕೆಳಗಿಳಿದವು. ಇಡೀ ನಿಲ್ದಾಣವನ್ನು ದನಿಯಲ್ಲೇ ಅತ್ತಿಂದಿತ್ತ ನಡೆಸುವ ಹೆಂಗಸಿನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಆ ದಿನ ಅವಳು 'ಕುಂಡದಲ್ಲಿ ತರಕಾರಿ ಬೆಳೆಯಿರಿ' ಎಂಬ ಪುಸ್ತಕ ಹಿಡಿದುಕೊಂಡು ಮನೆಗೆ ಹೋದಳು. ಮನೆಯಲ್ಲಿ ಕುಂಡವೂ ಇರಲಿಲ್ಲ.

ಬಸ್ಸಿನ ಸೀಟು ಹೊಲಿಯುವ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನೇ ಇದು, ಬದನೇಕಾಯಿ ಬೆಳೀತೀಯಾ?"

"ಸಿಟ್ಟು ಬೆಳೀತೀನಿ."

"ಎಲ್ಲಾ ಮನಸ್ಸಲ್ಲಿರೋದು ಅತ್ತಿಗೆ," ಅಂದಳು ಅಲ್ಲೇ ಕೂತಿದ್ದ ನಾದಿನಿ. "ಆ ಎರಡನೇ ಪುಸ್ತಕ ಓದಿದ್ರಾ?"

"ಮನಸ್ಸು ಬೆವರಲ್ಲಮ್ಮ. ಒದ್ದೆ ಆಗ್ತಿರೋದು ನನ್ನ ಬಟ್ಟೆ."

ಆ ವಾರವೇ ಎಡವಟ್ಟಾಯಿತು. ಬಂದರಿನ ಬಸ್ಸನ್ನು ಸಾರುವ ಹೊತ್ತಿಗೆ ಒಲೆ ಹೊತ್ತಿತು. ಸಾಲು ತಪ್ಪಿ, ಬಂದರಿಗೆ ಹೋಗುವವರನ್ನೆಲ್ಲ ಅವಳು ಗಣಿ ಊರಿನ ಬಸ್ಸಿನ ಪ್ಲಾಟ್‌ಫಾರ್ಮಿಗೆ ಕಳಿಸಿದಳು. ಹಡಗು ಹತ್ತಬೇಕಾದ ಒಂದು ಸಂಸಾರ ಟ್ರಂಕಿನ ಸಮೇತ ಕಲ್ಲಿದ್ದಲಿನ ಕಡೆಗೆ ಅರ್ಧ ದಾರಿ ಹೋಗಿ ಬಂತು. ನಿಲ್ದಾಣದ ಕಂಟ್ರೋಲರು, ಅವಳಿಗಿಂತ ಚಿಕ್ಕವರು, ಅವಳನ್ನು ಕರೆಸಿ ಬಹಳ ಮರ್ಯಾದೆಯಿಂದ ಅವಮಾನ ಮಾಡಿದರು.

"ನೀವು ಹಿರಿಯರು ಮೇಡಂ. ಕಳೆದುಹೋದ ಸಾಮಾನಿನ ಕೌಂಟರ್ ಇದೆಯಲ್ಲ, ನೆಮ್ಮದಿ ಕೆಲಸ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಅಷ್ಟೇ."

"ನಾನೇನು ಕಳೆದುಹೋಗಿಲ್ಲ ಸಾರ್."

"ಸೋಮವಾರ ಮೈಕಿಗೆ ಬೇರೆಯವರನ್ನ ಕೂರಿಸ್ತೀನಿ. ಅಷ್ಟರೊಳಗೆ ನಿಮ್ಮದು ಏನಿದೆಯೋ ಅದು ಸರಿಹೋದ್ರೆ ನೋಡೋಣ."

'ಏನಿದೆಯೋ ಅದು.' ಡಾಕ್ಟರಿಗೂ ಅದಕ್ಕೆ ಹೆಸರಿಲ್ಲ, ಕಂಟ್ರೋಲರಿಗೂ ಇಲ್ಲ. ಹೆಸರಿದ್ದದ್ದು ಒಂದೇ ಕಡೆ, ಹಸಿರು ರಟ್ಟಿನ ಬೆನ್ನಿನ ಮೇಲೆ. ಪಾಳಿ ಮುಗಿಯುವ ಮೊದಲು ಮೈಕಕ್ಕ ಎಂದಿನ ಕೊನೆಯ ಪ್ರಕಟಣೆ ಓದಿದಳು: ಜೇಬುಗಳ್ಳರಿದ್ದಾರೆ ಎಚ್ಚರಿಕೆ, ಕಂಡಲ್ಲಿ ಉಗುಳಬೇಡಿ, ಶೌಚಾಲಯ ಎಡಗಡೆಗಿದೆ. ಓದಿ ಮುಗಿಸಿ ಮೈಕನ್ನೇ ದಿಟ್ಟಿಸಿ ಕೂತಳು. ಶೌಚಾಲಯ ಎಲ್ಲಿದೆಯೆಂದು ದಿನವಿಡೀ ಊರಿಗೆಲ್ಲ ಸಾರುವ ಬಾಯಿಗೆ, ತನ್ನ ಮೈಯದೇ ಒಂದು ಮಾತು ಹೇಳಲು ಏನು ಧಾಡಿ?

ಸಮವಸ್ತ್ರದಲ್ಲೇ ನೇರ ಗ್ರಂಥಾಲಯಕ್ಕೆ ಹೋದಳು. ಬೀರುವಿಗೆ ಬೆನ್ನು ಮಾಡಿ, ಮೇಜಿಗೆ ಮುಖ ಮಾಡಿ ನಿಂತಳು. ಶ್ ಸಾಹೇಬರ ಬೆರಳು ಅರ್ಧ ದಾರಿಯಲ್ಲಿತ್ತು.

"ದಯವಿಟ್ಟು ಗಮನಿಸಿ," ಅಂದಳು. ಮೈಕಿಲ್ಲದಿದ್ದರೂ ಕಿಟಕಿಯ ಗಾಜು ಗಮನಿಸಿತು. "ಗಾಜಿನ ಬೀರುವಿನಲ್ಲಿ ತಂಗಿರುವ 'ಮುಟ್ಟು ನಿಲ್ಲುವಾಗ ಮೈಗೆ ಏನಾಗುತ್ತದೆ' ಎಂಬ ಪುಸ್ತಕ ಹೊರಡಲು ಸಿದ್ಧವಾಗಿದೆ. ಸಂಬಂಧಪಟ್ಟವರು ಕೂಡಲೇ ಬೀಗ ತೆಗೆಯಬೇಕಾಗಿ ವಿನಂತಿ."

"ಶ್! ಶ್ಶ್! ಮೆಲ್ಲಗೆ!"

"ದಯವಿಟ್ಟು ಗಮನಿಸಿ." ಅವಳ ಕಸುಬಿನಲ್ಲಿ ಯಾವುದನ್ನೂ ಒಂದೇ ಸಲ ಹೇಳಿ ಬಿಡುವ ಪದ್ಧತಿ ಇಲ್ಲ. ಎರಡನೆಯ ಸಲ 'ಮುಟ್ಟು' ಎಂಬಲ್ಲಿ, ಊರಿನ ಹೆಸರಿಗೆ ಕೊಡುವ ಒತ್ತನ್ನೇ ಕೊಟ್ಟಳು.

"ಏನಮ್ಮ ಇದು, ಗ್ರಂಥಾಲಯನೋ ಸಂತೆನೋ?"

"ಸ್ಪಷ್ಟವಾಗಿ ಅಂತ ಬೋರ್ಡಲ್ಲಿದೆ ಸಾಹೇಬ್ರೆ. ಸ್ಪಷ್ಟವಾಗಿ ಕೇಳಿಸ್ತೋ, ಇನ್ನೊಂದ್ಸಲ ಹೇಳ್ಲೋ?"

ಕೀಲಿಕೈ ಜೇಬಿನಿಂದ ಹೊರಬಂತು. ಆದರೆ ಸೋತವರು ಸುಮ್ಮನೆ ಸೋಲುವುದಿಲ್ಲ. "ಇದನ್ನ ಮನೆಗೆ ಒಯ್ಯೋ ಹಾಗಿಲ್ಲ," ಅಂದರು ಶ್ ಸಾಹೇಬರು. "ಇಲ್ಲೇ, ನನ್ನ ಕಣ್ಣೆದುರು, ಆ ಮೇಜಿನ ಮೇಲೇ ಓದಬೇಕು." ಗಂಡಸರ ನಡುವೆ ಕೂತು ಅವಳು ಓದಲಾರಳು ಎಂಬುದು ಲೆಕ್ಕಾಚಾರ.

ಮೈಕಕ್ಕ ಹೋಗಿ ಕೂತಳು. ತನ್ನ ಜನ್ಮದಲ್ಲಿ ಅವಳು ಏನನ್ನೂ ಮನಸ್ಸಿನಲ್ಲಿ ಓದಿದವಳಲ್ಲ. ಅಕ್ಷರ ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. "ಈ ಬಿಸಿ ಕೆಲವು ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಗಾಳಿ ಬರುವ ಕಡೆ ಕೂರುವುದು, ತಣ್ಣೀರು, ಹಗುರವಾದ ಹತ್ತಿಬಟ್ಟೆ..."

ಮೂಲೆಯಲ್ಲಿ ವಾರಪತ್ರಿಕೆ ತಿರುವುತ್ತಿದ್ದ ನಿವೃತ್ತ ನರ್ಸಮ್ಮ ಕುರ್ಚಿ ಎಳೆದುಕೊಂಡು ಬಂದರು. "ನಿಧಾನ ಓದಮ್ಮ, ನಾನು ಕನ್ನಡಕ ತಂದಿಲ್ಲ."

"ರಾತ್ರಿಯ ಬೆವರಿನಿಂದ ನಿದ್ದೆ ಕೆಡುವುದು ಸಾಮಾನ್ಯ. ನಿಂತ ಮುಟ್ಟು ವರ್ಷದ ಮೇಲೆ ಮತ್ತೆ ಕಾಣಿಸಿಕೊಂಡರೆ ಮಾತ್ರ ತಡಮಾಡದೆ ಡಾಕ್ಟರನ್ನು ಕಾಣಿ."

ಪತ್ರಿಕೆಯ ಹಾಳೆಗಳು ಈಗ ಪೂರ್ತಿ ಮೇಜಿಗೆ ಮಲಗಿದ್ದವು. ಹಿಂದೆ ಅಂಚೆ ಹಂಚುತ್ತಿದ್ದ ಅಜ್ಜ ಗಂಟಲು ಸರಿಮಾಡಿಕೊಂಡರು. "ಬೆವರು ಅಂದ್ರಾ? ನಮ್ಮನೆಯವಳಿಗೂ ಹಿಂಗೇ ಆಗ್ತಿತ್ತು. ನಾನು ಫ್ಯಾನ್ ಕೆಟ್ಟಿದೆ ಅಂತ ಎರಡು ಸಲ ರಿಪೇರಿ ಮಾಡಿಸ್ದೆ."

"ಹೆಂಡ್ತೀನ ಕೇಳೋದು ಬಿಟ್ಟು ಫ್ಯಾನ್ ಕೇಳಿದ್ರಾ?" ಅಂದರು ನರ್ಸಮ್ಮ.

"ಶ್!" ಅಂದರು ಶ್ ಸಾಹೇಬರು. ಯಾರೂ ತಿರುಗಿ ನೋಡಲಿಲ್ಲ. ಅವರ ವೃತ್ತಿಜೀವನದಲ್ಲಿ ಅದು ಮೊದಲು.

ಮರುದಿನ ಮೈಕಕ್ಕ ಮತ್ತೆ ಬಂದಳು, ಮತ್ತೆ ಎರಡೆರಡು ಸಲ ಸಾರಿದಳು, ಮತ್ತೆ ಓದಿದಳು. ನರ್ಸಮ್ಮ ತಂಗಿಯನ್ನೂ ನೆರೆಯವರನ್ನೂ ಕರೆತಂದಿದ್ದರು. ನಿಲ್ದಾಣದ ಕಸ ಗುಡಿಸುವವರು ಪೊರಕೆಯನ್ನು ಬಾಗಿಲಿಗೆ ಒರಗಿಸಿ ಒಳಬಂದಿದ್ದರು. ನಾದಿನಿಯೂ ಬಂದು ಕೊನೆಯ ಕುರ್ಚಿಯಲ್ಲಿ, ಯಾರನ್ನೋ ಕಾಯುತ್ತಿರುವ ಮುಖ ಮಾಡಿ ಕೂತಿದ್ದಳು. ಓದು ಒಂದು ಅಧ್ಯಾಯ ದಾಟಿದಾಗ ಅಂಚೆಯಜ್ಜ ಎದ್ದು ನಿಂತರು, ಕಿವಿ ಕೆಂಪಾಗಿತ್ತು.

"ಸಾಹೇಬ್ರೆ, ಆ ಕೆಳಗಿನ ಸಾಲಿನದು ಕೊಡಿ. 'ಮೂಲವ್ಯಾಧಿ: ಕೂರಲಾಗದವರಿಗೆ.'" ಸ್ವಲ್ಪ ತಡೆದು, ಸ್ಪಷ್ಟವಾಗಿ ಸೇರಿಸಿದರು: "ಈ ಬೆಂಚಲ್ಲಿ ಇಷ್ಟು ವರ್ಷ ಹೆಂಗೆ ಕೂತೆ ಅಂತ ನನಗೊಬ್ಬನಿಗೇ ಗೊತ್ತು."

ಇನ್ನಿಬ್ಬರ ಕೈ ಮೇಲೆದ್ದವು. ಈ ಮೂವರೂ ಗಟ್ಟಿಯಾಗಿ ಓದಲು ಶುರುಮಾಡಿದರೆ ಏನಾದೀತೆಂದು ಶ್ ಸಾಹೇಬರಿಗೆ ತಟ್ಟನೆ ಹೊಳೆಯಿತು. ಓಡಿಬಂದು ಮೈಕಕ್ಕನ ಮುಂದೆ ಕೈಜೋಡಿಸಿದರು. "ತಾಯಿ, ಒಯ್ದುಬಿಡಿ. ಮನೆಗೆ ಒಯ್ದು ಓದಿ. ನಾನೇ ಮುದ್ರೆ ಒತ್ತಿಕೊಡ್ತೀನಿ."

"ಒಯ್ಯಲ್ಲ."

"ಯಾಕಮ್ಮ?"

"ನಾನು ಒಯ್ದ ಮೇಲೆ ಮತ್ತೆ ಬೀಗ ಹಾಕ್ತೀರಿ. ನಾಳೆ ಬರೋಳಿಗೆ ನನ್ನಂಥ ಗಂಟಲು ಇರಲ್ಲ. ಎಲ್ಲಾ ಹೊರಗಿನ ಕಪಾಟಿಗೆ ಬರಲಿ, ಹಲ್ಲಿನ ಪಕ್ಕ. ಅಲ್ಲಿವರೆಗೂ ಇಲ್ಲೇ ಓದ್ತೀನಿ. ಇನ್ನೂ ಎಂಟು ಅಧ್ಯಾಯ ಇದೆ."

"ನಿಯಮ ಅಂತ ಒಂದಿದೆಯಲ್ಲಮ್ಮ..."

"ನಿಮ್ಮ ನಿಯಮಾನೇ ಪಾಲಿಸ್ತಿರೋದು ನಾವು," ಅಂದಳು ಮೈಕಕ್ಕ, ಪುಟ ತಿರುಗಿಸಿ. "ಅಧ್ಯಾಯ ನಾಲ್ಕು."

ಅಧ್ಯಾಯ ಐದು ಶುರುವಾಗುವ ಮೊದಲು ಬೀರು ಖಾಲಿಯಾಗಿತ್ತು. ಪುಸ್ತಕಗಳನ್ನು ಹೊತ್ತದ್ದು ಅಂಚೆಯಜ್ಜ. ಹೊರೆ ಹೊತ್ತು ಅಭ್ಯಾಸವಿದ್ದವರು.

ಸೋಮವಾರ ಬೆಳಿಗ್ಗೆ ಮೈಕಕ್ಕ ಕೌಂಟರಿಗೆ ಹೋಗಲಿಲ್ಲ. ಕಂಟ್ರೋಲರ ಮೇಜಿನ ಮೇಲೆ ಹಸಿರು ಪುಸ್ತಕವನ್ನು, ಮುದ್ರೆಯ ಸಮೇತ, ತೆರೆದಿಟ್ಟಳು.

"ನನಗಿರೋದು ಇದು. ಓದಿ ಸಾರ್."

ಕಂಟ್ರೋಲರು ಪುಟ ನೋಡಿ, ಬಾಗಿಲು ನೋಡಿದರು. "ಮೇಡಂ, ಇದೆಲ್ಲ ಇಲ್ಲಿ..."

"ನಾನೇ ಓದಿ ಹೇಳ್ಲಾ?"

"ಬೇಡ, ಬೇಡ, ನಾನೇ ಓದ್ತೀನಿ." ಬೇಗ ಓದಿದರು.

"ಗೂಡಿಗೊಂದು ಫ್ಯಾನು. ಒಂದು ಹೂಜಿ ತಣ್ಣೀರು. ಬಿಸಿ ಏರಿದಾಗ ನಾಲ್ಕು ನಿಮಿಷ ಮೈಕ್ ಹಿಡಿಯೋಕೆ ಪಕ್ಕದಲ್ಲಿ ಇನ್ನೊಬ್ಬರು. ಕೌಂಟರ್ ಬೇಡ."

"ಫ್ಯಾನಿಗೆ ಮೇಲಿನಿಂದ ಮಂಜೂರಾತಿ ಬರಬೇಕು ಮೇಡಂ. ಸಮಯ ಹಿಡಿಯತ್ತೆ."

"ಹಿಡೀಲಿ. ಮೊನ್ನೆ ಬಂದರಿನ ಬಸ್ಸಿನ ಗೊಂದಲಕ್ಕೆ ಕಾರಣ ಏನು ಅಂತ ಪ್ರಯಾಣಿಕರಿಗೆ ಇನ್ನೂ ತಿಳಿಸಿಲ್ಲ. ಫ್ಯಾನ್ ಬರೋವರೆಗೂ, ಮೈಕ್ ಕೊಡದಿದ್ರೂ ಸರಿ, ಗಂಟೆಗೊಂದ್ಸಲ ಅದನ್ನ ತಿಳಿಸ್ತಾ ಇರ್ತೀನಿ. ಪುಸ್ತಕದ ಹೆಸರಿನ ಸಮೇತ, ನಿಮ್ಮ ಹೆಸರಿನ ಸಮೇತ. ಎರಡೆರಡು ಸಲ."

ಫ್ಯಾನು ಮಧ್ಯಾಹ್ನವೇ ಬಂತು. ಕಂಟ್ರೋಲರ ಕೋಣೆಯದು.

ಈಗಲೂ ಒಲೆ ಹೊತ್ತುತ್ತದೆ, ಇಳಿಯುತ್ತದೆ. ಗಾಜಿನ ಬೀರುವಿನಲ್ಲಿ ಎರಡು ನಿಘಂಟುಗಳಿವೆ, ಬೀಗವಿಲ್ಲ. ಬಂದರಿನ ಬಸ್ಸು ತನ್ನ ಪ್ಲಾಟ್‌ಫಾರ್ಮಿನಿಂದಲೇ ಹೊರಡುತ್ತಿದೆ.