ಮಾವ ಒಪ್ಪುವ ಜಾಯಿಂಟರ್

೨೦೧೯ರ ನವೆಂಬರ್ ೧೬, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಹಳೆಯ ಮೆಷಿನುಗಳ ಗೋದಾಮಿನ ಮುಂದೆ ಬಾಡಿಗೆ ವ್ಯಾನು ನಿಂತಿತು. ಅದು ಪೂರ್ತಿ ನಿಲ್ಲುವ ಮೊದಲೇ ಮಿಲಿ ಬಾಗಿಲು ತೆರೆದು ಇಳಿದಿದ್ದಳು. ಕಂಕುಳಲ್ಲಿ ಮೂರು ಅಡಿ ಉದ್ದದ ಮೂರು ಹಲಗೆಗಳು, ಹೆಗಲ ಚೀಲದಲ್ಲಿ ಲಂಬಕೋನ ನೋಡುವ ಮೂಲೆಮಟ್ಟ, ಉಕ್ಕಿನ ಸ್ಕೇಲು, ಅಳತೆ ಟೇಪು.

"ಮೆಷಿನ್ ಎಲ್ಲೂ ಓಡಿ ಹೋಗಲ್ಲ ಕಣೆ. ಅದಕ್ಕೆ ಕಾಲಿಲ್ಲ" ಎನ್ನುತ್ತ ಮಾವ ನಿಧಾನವಾಗಿ ಇಳಿದರು. ಬಲಗೈಯ ಮೊಣಕೈಯನ್ನು ಎಡಗೈಯಲ್ಲಿ ಆನಿಸಿ ಹಿಡಿದುಕೊಂಡಿದ್ದರು.

ಮಿಲಿ ಎಂಬುದು ಅವರೇ ಇಟ್ಟ ಅಡ್ಡಹೆಸರು. ಆರು ವರ್ಷ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ದುಡಿದು, ಅದು ಸಾಕಾಗಿ, ಮೂರು ವರ್ಷದ ಹಿಂದೆ ಈ ಸೋದರಮಾವನ ಮರಗೆಲಸದ ಶೆಡ್ಡಿಗೆ ಬಂದು ಸೇರಿದವಳು ಅವಳು. ಬಂದ ಮೊದಲ ದಿನವೇ "ಮಾವ, ಇದು ಅರ್ಧ ಮಿಲಿಮೀಟರ್ ಹೆಚ್ಚಿದೆ" ಎಂದಿದ್ದಳು. ಹೆಸರು ಅಂದೇ ಅಂಟಿಕೊಂಡಿತು.

ಮಾವ ಮೂವತ್ತೆಂಟು ವರ್ಷ ಕೈಯಿಂದ ಹತ್ತರಿ ಹೊಡೆದು ಮರ ನಯ ಮಾಡಿದವರು. ಆರು ವಾರದ ಹಿಂದೆ ಅವರ ಬಲಭುಜ ಕೈಕೊಟ್ಟಿತು. ಇನ್ನು ಹತ್ತರಿ ಮುಟ್ಟಿದರೆ ತಟ್ಟೆಯಿಂದ ಬಾಯಿಗೆ ತುತ್ತು ಎತ್ತುವುದೂ ಕಷ್ಟವಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಮಾವ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಮಿಲಿಯ ಕೆಲಸ ನೋಡುತ್ತಿದ್ದರು, ನೋಡಿ ನೋಡಿ ಹಲ್ಲು ಕಡಿಯುತ್ತಿದ್ದರು. ಆ ಹೊತ್ತಿಗೇ ಒಂದು ಗ್ರಂಥಾಲಯಕ್ಕೆ ಹನ್ನೆರಡು ಓದುವ ಮೇಜು ಮಾಡಿಕೊಡುವ ಕೆಲಸ ಬಂದಿತ್ತು. ಒಂದೊಂದು ಮೇಜಿಗೆ ಐದೈದು ಹಲಗೆ. ಅಂಚಿಗೆ ಅಂಚು ಕೂರಿಸಿ ಅಂಟಿಸಬೇಕು.

ಮೊನ್ನೆ ಮಾವ ತಮ್ಮ ತೀರ್ಮಾನ ಹೇಳಿಬಿಟ್ಟರು: "ಮೆಷಿನ್ ತಗೋ, ಬೇಡ ಅನ್ನಲ್ಲ. ಆದ್ರೆ ಎರಡು ಹಲಗೆ ಜೋಡ್ಸಿ ನನ್ನ ಮುಂದೆ ಹಿಡಿ. ಅದು ನನ್ನ ಕೈಕೆಲಸದ ಹಾಗೆ ಕೂತ್ರೆ ನಾನು ಶೆಡ್ಡಿಗೆ ಬರ್ತೀನಿ. ಕೂರಲಿಲ್ವಾ, ನಾನು ಮನೇಲಿರ್ತೀನಿ. ಸೊಟ್ಟ ಕೆಲಸಕ್ಕೆ ಕಾವಲು ಕೂರೋ ವಯಸ್ಸಲ್ಲ ಇದು."

ಮಾವನಿಲ್ಲದ ಶೆಡ್ಡನ್ನು ನೆನೆದರೆ ಮಿಲಿಗೆ ಕೈಕಾಲೇ ಆಡುತ್ತಿರಲಿಲ್ಲ. ಅವಳಿಗೆ ಅಳತೆ ಗೊತ್ತಿತ್ತು, ಮರ ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಆದರೂ ಇವತ್ತು ಎದೆಯೊಳಗೆ ಭಯಕ್ಕಿಂತ ಸಡಗರವೇ ಹೆಚ್ಚಾಗಿತ್ತು. ಎರಡು ಮೆಷಿನುಗಳ ಗುಣದೋಷಗಳಿಗೆ ಅಂಕ ಕೊಟ್ಟು ಒಂದು ಪಟ್ಟಿಯನ್ನೇ ಮಾಡಿಕೊಂಡು ಬಂದಿದ್ದಳು. ಹಲಗೆಯ ಮೈ ಕೆತ್ತಿ ದಪ್ಪ ಸಮ ಮಾಡುವ ಪ್ಲೇನರ್‌ಗೆ ನಲವತ್ತೊಂದು, ಮುಖವನ್ನೂ ಅಂಚನ್ನೂ ನೇರ ಮಾಡುವ ಜಾಯಿಂಟರ್‌ಗೆ ಮೂವತ್ತೆಂಟು. ಹನ್ನೊಂದು ಅಡಿ ಅಗಲದ ಶೆಡ್ಡಿನಲ್ಲಿ ಸದ್ಯಕ್ಕೆ ಒಂದಕ್ಕೆ ಮಾತ್ರ ಜಾಗ.

ಗೋದಾಮಿನ ಮಾಲೀಕ ಮಾತಿಗೊಮ್ಮೆ ಗ್ಯಾರಂಟಿ ಎನ್ನುವ ಮನುಷ್ಯ. "ಬನ್ನಿ ಯಜಮಾನ್ರೆ, ಬನ್ನಿ ಮೇಡಂ. ಪ್ಲೇನರ್ ನೋಡಿ, ಹೋದ ವರ್ಷದ ಮಾಲು. ಒಂದು ಕಡೆಯಿಂದ ತಳ್ಳಿದ್ರೆ ಇನ್ನೊಂದು ಕಡೆ ಕನ್ನಡಿ ಬರುತ್ತೆ. ಗ್ಯಾರಂಟಿ!"

"ಇದನ್ನ ತಳ್ಳಿ" ಎಂದು ಮಿಲಿ ತಂದ ಹಲಗೆಗಳಲ್ಲಿ ಒಂದನ್ನು ಕೊಟ್ಟಳು. ಬೇಕೆಂದೇ ಆರಿಸಿ ತಂದ, ಹಪ್ಪಳದಂತೆ ತಿರುಚಿಕೊಂಡ ಹಲಗೆ ಅದು.

ಪ್ಲೇನರ್ ಭೋರ್ಗರೆಯಿತು. ಉರುಳೆಗಳು ಹಲಗೆಯನ್ನು ಒಳಗೆಳೆದುಕೊಂಡವು. ಆಚೆ ಬಂದ ಹಲಗೆಯ ಮೈ ನಿಜವಾಗಿಯೂ ಮಿರಿಮಿರಿ ಹೊಳೆಯುತ್ತಿತ್ತು. ಮಿಲಿಯ ಮುಖ ಅರಳಿತು. ಮಾವ ಎಡಗೈಯಲ್ಲಿ ಹಲಗೆಯನ್ನು ತೆಗೆದುಕೊಂಡು ಪಕ್ಕದ ಕಬ್ಬಿಣದ ಹಾಸಿನ ಮೇಲೆ ಇಟ್ಟು, ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಟಕ್. ಎದುರು ಮೂಲೆ ಎದ್ದಿತು. ಟಕ್.

"ಸೊಟ್ಟ ಹಾಗೇ ಇದೆ. ಸೊಟ್ಟಕ್ಕೆ ಪಾಲಿಶ್ ಆಗಿದೆ ಅಷ್ಟೆ" ಎಂದರು.

ಮಿಲಿಗೆ ತಟ್ಟನೆ ಹೊಳೆಯಿತು. ಉರುಳೆಗಳು ಹಲಗೆಯನ್ನು ಅಮುಕಿ ಚಪ್ಪಟೆ ಮಾಡಿಕೊಂಡು ಕೆತ್ತುತ್ತವೆ; ಆಚೆ ಬಂದೊಡನೆ ಅದು ಸ್ಪ್ರಿಂಗಿನಂತೆ ಮೊದಲಿನ ಆಕಾರಕ್ಕೇ ಮರಳುತ್ತದೆ. ಪ್ಲೇನರ್ ಕೆಳಗಿನ ಮುಖವನ್ನು ನಂಬಿ ಮೇಲಿನದನ್ನು ಕೆತ್ತುವ ಯಂತ್ರ. ಆ ಕೆಳಗಿನ ಮುಖವನ್ನು ಮೊದಲು ನೇರ ಮಾಡಿಕೊಡುವವರು ಬೇಕು. ಇಷ್ಟು ದಿನ ಅದನ್ನು ಮಾಡುತ್ತಿದ್ದುದು ಮಾವನ ಹತ್ತರಿ. ಪಟ್ಟಿ ಮಾಡುವಾಗ ಆ ಕೆಲಸ ತಾನಾಗಿಯೇ ಆಗುತ್ತದೆಂದು ಭಾವಿಸಿ ಅದಕ್ಕೆ ಒಂದು ಅಂಕವನ್ನೂ ಇಟ್ಟಿರಲಿಲ್ಲ!

ಅವಳು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದಳು. "ಆದ್ರೆ ಮಾವ, ಜಾಯಿಂಟರ್‌ನಲ್ಲಿ ಹಲಗೆಗಳ ದಪ್ಪ ಸಮ ಆಗಲ್ವಲ್ಲ?"

"ಒಂದೆರಡು ಎಂಎಂ ಆಚೀಚೆ ಆದ್ರೆ ಆ ವ್ಯತ್ಯಾಸ ಮೇಜಿನ ಅಡಿಗೆ ಹೋಗುತ್ತೆ. ಓದೋಕೆ ಬಂದೋರು ಅಡಿಗೆ ನುಗ್ಗಿ ನೋಡ್ತಾರಾ?"

"ಹಾಗಾದ್ರೆ ಜಾಯಿಂಟರ್ ತೋರಿಸಿ" ಎಂದಳು ಮಿಲಿ. ಅವಳಿಗೇ ಗೊತ್ತಾಗದಂತೆ ದನಿ ಏರಿತ್ತು.

ಜಾಯಿಂಟರ್ ಗೋಡೆಯ ಬದಿಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಉದ್ದನೆಯ ಎರಡು ಕಬ್ಬಿಣದ ಹಾಸು, ನಡುವೆ ಅಡಗಿ ಕೂತ ಬ್ಲೇಡು, ಹಲಗೆ ಒರಗಿಸಲು ಒಂದು ನಿಲುವುಪಟ್ಟಿ. ಹಾಸು ನೇರವಿದ್ದರೆ ಅದು ಬಂಗಾರ, ಬಾಗಿದ್ದರೆ ಗುಜರಿ. ಬಾಗಿದ ಹಾಸನ್ನು ಅವರ ಶೆಡ್ಡಿನಲ್ಲಿ ಸರಿಮಾಡುವಂತಿರಲಿಲ್ಲ.

ಮಾಲೀಕ ಉಳಿದ ಎರಡು ಹಲಗೆಗಳನ್ನು ತಾನೇ ತೆಗೆದುಕೊಂಡು, ಎರಡಕ್ಕೂ ಮಾವ ಹಾಕಿದ್ದ ಪೆನ್ಸಿಲ್ ಗುರುತಿನ ಮುಖವನ್ನೇ ನಿಲುವುಪಟ್ಟಿಗೆ ಒರಗಿಸಿ, ಅಂಚುಗಳನ್ನು ಬ್ಲೇಡಿನ ಮೇಲೆ ಹಾಯಿಸಿದ. ಮಾವ ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದನ್ನು, ಗುರುತಿನ ಮುಖಗಳು ಒಂದೇ ಕಡೆ ಬರುವಂತೆ, ನೆಟ್ಟಗೆ ನಿಲ್ಲಿಸಿದರು.

ಮೇಲಿನ ಹಲಗೆ ಕುಡುಕನ ಹಾಗೆ ಒಂದು ಕಡೆಗೆ ವಾಲಿತು.

"ಮರದಲ್ಲಿ ಪಸೆ ಇದೆ ಯಜಮಾನ್ರೆ. ಮೆಷಿನ್ ತಪ್ಪಲ್ಲ, ಗ್ಯಾರಂಟಿ" ಎಂದ ಮಾಲೀಕ.

"ನಿಮ್ಮ ಗ್ಯಾರಂಟಿನೂ ವಾಲಿದೆ. ನಡಿಯೇ ಮಿಲಿ" ಎಂದು ಮಾವ ಬಾಗಿಲ ಕಡೆ ಹೆಜ್ಜೆ ಹಾಕಿದರು.

ಮಿಲಿ ಓಡಿಹೋಗಿ ಹಾಸಿಗೂ ನಿಲುವುಪಟ್ಟಿಗೂ ಮೂಲೆಮಟ್ಟ ಹಿಡಿದಳು. ಕೂದಲೆಳೆಯಷ್ಟು ಬೆಳಕು ಕಂಡಿತು. "ಮಾವ, ಪಟ್ಟಿ ಮಾತ್ರ ವಾಲಿದೆ! ಒಂದೊಂದು ಹಲಗೇಲಿ ಅಷ್ಟಷ್ಟು ತಪ್ಪು, ಎರಡು ಸೇರಿ ದುಪ್ಪಟ್ಟು..."

ಮಾವ ತಿರುಗಿ ನೋಡಿದರು. ಮೆಷಿನನ್ನಲ್ಲ, ಅವಳನ್ನು. "ದುಪ್ಪಟ್ಟು ಆಗ್ದೆ ಇನ್ನೇನಾಗುತ್ತೆ? ಎರಡು ಹಲಗೆಗೂ ಒಂದೇ ಕೆನ್ನೆ ಒರಗಿಸ್ತಾರೇನೇ ಯಾರಾದ್ರೂ? ಮೂರು ವರ್ಷ ನನ್ನ ಪಕ್ಕ ನಿಂತು ಏನು ನೋಡಿದೆ ನೀನು? ನಾನು ಜೋಡಿ ಹಲಗೇನ ಹೇಗೆ ಹಿಡೀತಿದ್ದೆ?"

"ಪುಸ್ತಕ ಮುಚ್ಚಿದ ಹಾಗೆ. ಮುಖಕ್ಕೆ ಮುಖ ಸೇರಿಸಿ, ಎರಡೂ ಅಂಚಿಗೆ ಒಟ್ಟಿಗೆ ಹತ್ತರಿ."

"ಯಾಕೆ?"

ಮಿಲಿ ದಿನಾ ನೋಡಿದ್ದಳು, ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ. ಈಗ ಹೊಳೆಯಿತು: ಹತ್ತರಿ ತುಸು ವಾಲಿದರೂ ಒಂದರ ಅಂಚಿನ ಕೋನ ಎಷ್ಟು ಹೆಚ್ಚಾಗುತ್ತದೋ ಇನ್ನೊಂದರದು ಅಷ್ಟೇ ಕಡಿಮೆಯಾಗುತ್ತದೆ. ಪುಸ್ತಕ ಬಿಚ್ಚಿದಾಗ ತಪ್ಪು ತಪ್ಪನ್ನು ತಿಂದುಹಾಕುತ್ತದೆ!

"ಸರಿ, ಸರಿ, ಅತ್ತ ಸರೀರಿ" ಎನ್ನುತ್ತ ಮಾವ ಮಾಲೀಕನನ್ನು ಪಕ್ಕಕ್ಕೆ ಸರಿಸಿದರು. ಒಂದು ಹಲಗೆಯ ಗುರುತಿನ ಮುಖವನ್ನು ಪಟ್ಟಿಗೆ ಒರಗಿಸಿ ತಳ್ಳಿದರು. ಇನ್ನೊಂದನ್ನು ತಿರುಗಿಸಿ, ಗುರುತು ತಮ್ಮ ಕಡೆ ಬರುವಂತೆ ಹಿಡಿದು ತಳ್ಳಿದರು. ತೋಳು ಸೊಂಟದ ಮಟ್ಟದಿಂದ ಮೇಲೇಳಲಿಲ್ಲ. ಕಾಲು ಮುಂದಿಟ್ಟು ಇಡೀ ಮೈಯಿಂದ ನೂಕಿದರೆ ಸಾಕಿತ್ತು. ಹತ್ತರಿಯ ಹಾಗೆ ಹಿಂದಕ್ಕೆಳೆದು ಮತ್ತೆ ಚುಚ್ಚುವ ಕೆಲಸವೇ ಇರಲಿಲ್ಲ. ಮರದ ಹೊಟ್ಟು ಅವರ ಪಾದದ ಮೇಲೆ ಸುರಿಯಿತು. ಎರಡನೇ ಹಲಗೆ ಮುಗಿಸಿ ಮಾವ ತಮ್ಮ ಬಲಭುಜವನ್ನು ಅನುಮಾನದಿಂದ ನೋಡಿಕೊಂಡರು, ಅದೇಕೆ ಸುಮ್ಮನಿದೆ ಎನ್ನುವಂತೆ.

ಹಲಗೆಯ ಮೇಲೆ ಹಲಗೆ ನಿಂತಿತು. ಈ ಸಲ ವಾಲಲಿಲ್ಲ. ಮಿಲಿ ಎರಡರ ಮೈಗೂ ಸೇರಿಸಿ ಸ್ಕೇಲು ಇಟ್ಟಳು: ಬೆಳಕಿಲ್ಲ. ಜೋಡಿಯನ್ನು ಹಾಗೇ ಕಿಟಕಿಗೆ ಎದುರಾಗಿ ಹಿಡಿದು, ಮೂರಡಿ ಉದ್ದಕ್ಕೂ ಕಣ್ಣಿಟ್ಟು ನೋಡಿದಳು. ತುದಿಯಲ್ಲಿ ಇಲ್ಲ, ನಡುವೆ ಇಲ್ಲ, ಎಲ್ಲೂ ಇಲ್ಲ.

"ಮಾವ! ಹಾಸು ಬಾಗಿದ್ರೆ ಎರಡು ಅಂಚೂ ಒಂದೇ ಥರ ಬಾಗ್ತಿತ್ತು. ಹಲಗೆ ಹೇಗೆ ತಿರುಗಿಸಿದ್ರೂ ಆ ತಪ್ಪು ದುಪ್ಪಟ್ಟಾಗಿ ಕಾಣ್ಬೇಕಿತ್ತು, ಅಳಿಸಿ ಹೋಗ್ತಿರಲಿಲ್ಲ. ಬೆಳಕೇ ಇಲ್ಲ ಅಂದ್ರೆ ಹಾಸು ನೇರ ಇದೆ! ವಾಲಿರೋದು ಪಟ್ಟಿ ಒಂದೇ, ಅದಕ್ಕೆ ಬೋಲ್ಟ್ ಇದೆ, ಐದು ನಿಮಿಷದ ಕೆಲಸ!" ಅವಳು ಕುಣಿಯುವುದೊಂದು ಬಾಕಿ.

"ನಾನು ಮೊದಲೇ ಹೇಳಲಿಲ್ವಾ..." ಎಂದು ಮಾಲೀಕ ಶುರುಮಾಡಿದ.

"ನೀವು ಪಸೆ ಅಂದ್ರಿ" ಎಂದರು ಮಾವ.

ಮಾವ ಹಲಗೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಸಂದಿನ ಮೇಲೆ ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ಎಳೆದರು. ಉಗುರು ಎಲ್ಲಿಯೂ ತಡೆಯಲಿಲ್ಲ. ಮಿಲಿ ಅವರ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ.

ಹಿಂದಕ್ಕೆ ಬಂದವರೇ ಅವರು ಜಾಯಿಂಟರ್ ಮುಂದೆ ನೆಟ್ಟಗೆ ನಿಂತು ಹಾಸಿನ ಮೇಲೆ ಅಂಗೈ ಊರಿದರು. ಮುಖ ಸಿಂಡರಿಸಿದರು.

"ಗಿಡ್ಡ ಇದೆ ಕಣೆ ಇದು."

"ಯಾಕೆ ಮಾವ?"

"ಯಾಕೆ ಅಂದ್ರೆ? ದಿನಾ ಬಗ್ಗಿ ನಿಂತು ಹನ್ನೆರಡು ಮೇಜಿನ ಹಲಗೆ ತಳ್ಳಿದ್ರೆ ಭುಜ ಉಳೀತು ಅಂತ ಸೊಂಟ ಹೋಗುತ್ತೆ. ಅಡಿಗೆ ದಪ್ಪ ದಿಮ್ಮಿ ಕೊಟ್ಟು ಎತ್ತರಿಸ್ಬೇಕು. ನನಗೆ ಇಷ್ಟೆತ್ತರ ಬೇಕು, ಅಳತೆ ತಗೋ." ಅವರು ಬಲಗೈಯನ್ನು ಸೊಂಟದ ಪಕ್ಕದಲ್ಲಿ ಮಡಿಸಿ, ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆಯಾಗಿ ಹಿಡಿದು ನಿಂತರು. "ಬೇಗ ತಗೋ. ಹಲ್ಲು ಕಿಸಿಯೋದು ಆಮೇಲೆ."

ಮಿಲಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಟೇಪು ಎಳೆದಳು. ಎರಡು ಸಲ ಅಳೆದಳು. ಎರಡು ಸಲವೂ ಒಂದೇ ಬಂತು: ನೆಲದಿಂದ ಅಂಗೈವರೆಗೆ ಎಂಬತ್ತೇಳು ಸೆಂಟಿಮೀಟರ್, ನಾಲ್ಕು ಮಿಲಿಮೀಟರ್.