ಅಪ್ಪನಿಗೆ ಹೇಳು, ಅಮ್ಮನಿಗೆ ಹೇಳು

ಸೂಜಿಗೆ ತನ್ನ ಮನೆಯಲ್ಲಿ ಸ್ವಂತದ ಮಾತು ಅಂತ ಒಂದೂ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಗಾಳಿ ಬರುವ ಕೋಣೆ ಇತ್ತು, ಎರಡು ಹೊತ್ತು ಬಿಸಿ ಊಟ ಇತ್ತು, ಅಪ್ಪ ಇದ್ದ, ಅಮ್ಮ ಇದ್ದಳು. ಅವರಿಬ್ಬರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಅಷ್ಟೆ.

ಮಾತು ನಿಂತದ್ದು ಒಂದು ಬೀರುವಿನ ದೆಸೆಯಿಂದ. ಅವಳಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ಅಳತೆ ನೋಡದೆ ಒಂದು ದೊಡ್ಡ ಮರದ ಬೀರು ಕೊಂಡು ತಂದ. ಮಲಗುವ ಕೋಣೆಯ ಬಾಗಿಲಲ್ಲಿ ಅದು ತೂರಲಿಲ್ಲ. ಹೊತ್ತು ತಂದ ನಾಲ್ವರು ಆಳುಗಳ ಎದುರಿಗೇ ಅಮ್ಮ, "ನಾಲ್ಕು ಬೆರಳು ಅಳೆಯೋಕೆ ಬರದ ಗಂಡಸು" ಎಂದಳು. ಅಪ್ಪ, "ಇನ್ನು ನಿನ್ನ ಹತ್ರ ಮಾತಾಡಿದ್ರೆ ಕೇಳು" ಎಂದ. ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ. ಬೀರು ಕೋಣೆಗಳ ನಡುವಿನ ಪ್ಯಾಸೇಜಿನಲ್ಲೇ ನಿಂತುಹೋಯಿತು. ಅದನ್ನು ದಾಟಬೇಕಾದರೆ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು. ಹದಿನಾಲ್ಕು ವರ್ಷ ಮೂವರೂ ಹಾಗೇ ನುಸುಳಿದರು. ಅದನ್ನು ಬೇರೆಡೆ ಇಡೋಣ ಎನ್ನಬೇಕಾದರೆ ಯಾರಾದರೂ ಮೊದಲು ಬಾಯಿ ಬಿಡಬೇಕಿತ್ತಲ್ಲ.

ಬಾಯಿ ಬಿಡುವ ಕೆಲಸ ಮಗಳ ಪಾಲಿಗೆ ಬಂತು. "ನಿಮ್ಮಪ್ಪನಿಗೆ ಹೇಳು." "ನಿಮ್ಮಮ್ಮನಿಗೆ ಹೇಳು." ಇಬ್ಬರೂ ಒಂದೇ ಕೋಣೆಯಲ್ಲಿ ಎರಡು ಮಾರು ದೂರ ಕೂತು ಹೇಳುತ್ತಿದ್ದರು. ಮೊದಲ ವಾರ ಅವಳು ಇದ್ದದ್ದನ್ನು ಇದ್ದ ಹಾಗೆ ದಾಟಿಸಿದಳು. "ಅಪ್ಪಾ, ನಿಮಗೆ ಎತ್ತಿಗಿರೋಷ್ಟೂ ಬುದ್ಧಿ ಇಲ್ವಂತೆ." ಅಪ್ಪ ಊಟದ ತಟ್ಟೆ ಎತ್ತಿ ಗೋಡೆಗೆ ಬೀಸಿದ. ಗೋಡೆ ಒರೆಸಿದವಳು ಅವಳೇ. ಒರೆಸುತ್ತ ಒರೆಸುತ್ತ ಕಸುಬು ಕಲಿತಳು.

"ಕಿವುಡನ ಥರ ಟಿವಿ ಹಾಕ್ಕೊಂಡು ಕೂತಿದಾನೆ, ನನ್ನ ತಲೆ ಸಿಡೀತಿದೆ ಅಂತ ಹೇಳು" ಎಂಬುದು ಅಪ್ಪನ ಬಳಿ ಹೋಗುವಷ್ಟರಲ್ಲಿ, "ಅಮ್ಮನಿಗೆ ಸ್ವಲ್ಪ ತಲೆನೋವಂತೆ" ಎಂದಾಗುತ್ತಿತ್ತು. "ಅವಳ ತಲೆನೋವಿಗೆ ಅವಳ ನಾಲಿಗೆಯೇ ಕಾರಣ" ಎಂಬ ಉತ್ತರ, "ಮಲಗಿಕೋ ಅಂದ್ರು" ಎಂದು ವಾಪಸಾಗುತ್ತಿತ್ತು. ವರ್ಷಗಳು ಕಳೆದಂತೆ ಯಾರಾದರೂ ಏನಾದರೂ ಹೇಳಲಿ ಎಂದು ಕಾಯುವುದನ್ನೂ ಬಿಟ್ಟಳು. "ಅಪ್ಪಾ, ಮೊಣಕಾಲು ಹೇಗಿದೆ ಅಂತ ಅಮ್ಮ ಕೇಳಿದ್ಲು." ಅಮ್ಮ ಕೇಳಿರಲಿಲ್ಲ. "ಅಮ್ಮಾ, ಬದನೆಕಾಯಿ ಚೆನ್ನಾಗಿತ್ತಂತೆ." ಅಪ್ಪ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದಿದ್ದ. ಅವಳಿಗೆ ಹದಿನಾರಾದಾಗ ಅಮ್ಮ ಒಂದು ಬೆಳಗ್ಗೆ ಸೂಟ್‌ಕೇಸ್ ತುಂಬಿ ಹೊರಟು ನಿಂತಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಹೋಗ್ತಾ ಬಾಗಿಲು ಎಳ್ಕೊಂಡು ಹೋಗೋಕೆ ಹೇಳು" ಎಂದ. ಸೂಜಿ ಬೀರುವಿನ ಪಕ್ಕ ನುಸುಳಿ ಅಮ್ಮನ ಬಳಿ ಹೋಗಿ, "ಅಪ್ಪ ತಪ್ಪಾಯ್ತು ಅಂದ್ರು" ಎಂದಳು. ಅಮ್ಮ ಸೂಟ್‌ಕೇಸ್ ಖಾಲಿ ಮಾಡಿದಳು. ತಾನು ಒಂದು ದಿನ ಬಾಯಿ ಮುಚ್ಚಿದರೆ ಈ ಮನೆ ಎರಡಾಗುತ್ತದೆ ಎಂಬುದು ಅಂದು ಅವಳಿಗೆ ಖಾತ್ರಿಯಾಯಿತು.

ಚಿಕ್ಕಮ್ಮ ಬಂದಾಗಲೆಲ್ಲ, "ಮನೆ ಅಂದ್ರೆ ಹೀಗಿರಬೇಕಪ್ಪಾ, ಒಂದು ದನಿ ಏರಲ್ಲ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದಳು.

ಇಂಥ ಹುಡುಗಿ ಕೆಲಸಕ್ಕೆ ಸೇರಿದ್ದು ಬಟ್ಟೆ ಆಲ್ಟರೇಶನ್ ಅಂಗಡಿಗೆ. ಅಲ್ಲಿ ಹೊಸದೇನೂ ಹೊಲಿಯುವುದಿಲ್ಲ. ಬೇರೆಯವರು ಕೆಡಿಸಿದ್ದನ್ನು ಹಾಕಿಕೊಳ್ಳುವ ಹಾಗೆ ಮಾಡಿಕೊಡುವುದು. ಉದ್ದವಾದದ್ದನ್ನು ಒಳಗೆ ಮಡಿಸುವುದು, ಬಿಗಿಯಾದದ್ದರ ಹೊಲಿಗೆ ಬಿಚ್ಚಿ ಸಡಿಲಿಸುವುದು. ಅವಳ ಕೈ ನೋಡಿ ಮಾಸ್ಟರು ಮೊದಲ ದಿನವೇ, "ಎಷ್ಟು ವರ್ಷದ ಅನುಭವ?" ಎಂದು ಕೇಳಿದರು.

ಅಂಗಡಿ ಮಾಸ್ಟರದು. ಅವರನ್ನು ಬಿಟ್ಟರೆ ಗುಂಡಿಯ ತೂತಿಗೆ ಕಾಜಾ ಹಾಕುವ ಕಾಜಾ ಅಕ್ಕ, ಇಸ್ತ್ರಿ ಮಾಡುವ ಇಸ್ತ್ರಿ ಮಾವ. ಹುಡುಗಿಯ ಸಣಕಲು ತೋಳು ನೋಡಿ "ಸೂಜಿ" ಎಂದು ಕರೆದವಳು ಕಾಜಾ ಅಕ್ಕ. ಐವತ್ತು ದಾಟಿದ, ಗಟ್ಟಿ ಗಂಟಲಿನ, ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವ ಹೆಂಗಸು. ಯಾರಿಗೂ ಯಾರೂ ಸಂಬಂಧಿಕರಲ್ಲ. ಆದರೂ ದಿನವಿಡೀ ಅಕ್ಕ, ಮಾವ ಎಂದು ಕೂಗಿಕೊಂಡು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು.

ಸೇರಿದ ಎರಡನೇ ವಾರ ಇಸ್ತ್ರಿ ಮಾವ ಒಂದು ಕಾಲರು ಸುಟ್ಟ. "ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ ಮುದುಕಾ!" ಎಂದು ಮಾಸ್ಟರು ಅರಚಿದರು. ಸೂಜಿ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಹೋಗಿ ಮಾವನ ಪಕ್ಕ ನಿಂತು, "ಮಾವಾ, ನಿಮಗೆ ಸುಸ್ತಾಗಿರಬೇಕು, ಸ್ವಲ್ಪ ಕೂತ್ಕೊಳ್ಳಿ ಅಂತಿದಾರೆ ಮಾಸ್ಟರು" ಎಂದಳು.

ಇಬ್ಬರೂ ತಿರುಗಿ ಅವಳನ್ನು ನೋಡಿದರು.

"ನಾನು ಯಾವಾಗ ಹಾಗಂದೆ?" ಎಂದರು ಮಾಸ್ಟರು.

"ಅವನು ಹಾಗಂದ್ರೆ ಅವನಿಗೆ ಜ್ವರ ಬಂದಿದೆ ಅಂತ ಅರ್ಥ" ಎಂದ ಮಾವ. "ಏ ಸೂಜಿ, ನನ್ನ ಬೈಗುಳ ನನಗೆ ಪೂರ್ತಿ ಬರಲಿ ತಾಯಿ, ಮಧ್ಯದಲ್ಲಿ ನೀನು ಕತ್ತರಿ ಹಾಕಬೇಡ."

ಹತ್ತು ನಿಮಿಷಕ್ಕೆ ಇಬ್ಬರೂ ಒಂದೇ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದರು. ಜಗಳಕ್ಕೆ ಕೊನೆಯೂ ಒಂದಿರುತ್ತದೆ ಎಂಬುದನ್ನು ಅವಳು ಇಪ್ಪತ್ತೊಂದನೇ ವಯಸ್ಸಿನಲ್ಲಿ ಕಂಡಳು.

ಮರುವರ್ಷ ಅವಳಿಗೆ ಮನೆಯಲ್ಲಿ ಊಟ ಇಳಿಯದಾಯಿತು. ತುತ್ತು ಗಂಟಲವರೆಗೆ ಹೋಗಿ ಅಲ್ಲೇ ಕೂರುತ್ತಿತ್ತು. ಅಂಗಡಿಯಲ್ಲಿ, ಕಾಜಾ ಅಕ್ಕನ ಡಬ್ಬಿಯಿಂದ ಕಿತ್ತುಕೊಂಡ ತುತ್ತು ಮಾತ್ರ ಸಲೀಸಾಗಿ ಇಳಿಯುತ್ತಿತ್ತು. ಆಮೇಲೆ ಬಲಗೈ ನಡುಗತೊಡಗಿತು. ದಾರ ಪೋಣಿಸಲು ಮೂರು ಸಲ, ನಾಲ್ಕು ಸಲ. ಅಮ್ಮ, "ನಿಮ್ಮಪ್ಪನಿಗೆ ಹೇಳು, ಮಗಳು ತೆಳ್ಳಗಾಗೋ ಹುಚ್ಚು ಹಿಡಿಸ್ಕೊಂಡಿದಾಳೆ ಅಂತ" ಎಂದಳು. ಅಪ್ಪ, "ನಿಮ್ಮಮ್ಮನಿಗೆ ಹೇಳು, ಯಾವನನ್ನೋ ಹಚ್ಕೊಂಡಿರಬೇಕು, ವಿಚಾರಿಸು ಅಂತ" ಎಂದ. ತನ್ನ ಕಾಯಿಲೆಯ ಸುದ್ದಿಯನ್ನೂ ಅವಳೇ ಅತ್ತಿಂದಿತ್ತ ಹೊತ್ತಳು. ಎರಡನ್ನೂ ಸ್ವಲ್ಪ ಸಣ್ಣ ಮಾಡಿಯೇ ಹೊತ್ತಳು.

ಒಂದು ಮಧ್ಯಾಹ್ನ ಮೆಷಿನ್ನಿನ ಸೂಜಿ ಅವಳ ತೋರುಬೆರಳಿಗೆ ಇಳಿಯಿತು. ಅವಳು ಅಳಲಿಲ್ಲ. "ಅಕ್ಕಾ, ಬೆರಳಿಗೆ ಸ್ವಲ್ಪ ನೋವಂತೆ" ಎಂದಳು.

"ನೋವಂತೆ? ಯಾರು ಹೇಳಿದ್ರೇ ನಿನಗೆ?" ಎಂದ ಕಾಜಾ ಅಕ್ಕ ಬೆರಳಿಗೆ ಬಟ್ಟೆ ಸುತ್ತಿ, ಮರುದಿನ ಅವಳನ್ನು ಎಳೆದುಕೊಂಡು ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದಳು. ಚೀಟಿಯಲ್ಲಿ 'ಜೊತೆಗೆ ಬಂದವರ ಸಂಬಂಧ' ಎಂಬಲ್ಲಿ ಎರಡು ಸಲ ಯೋಚಿಸದೆ 'ಅಕ್ಕ' ಎಂದು ಬರೆಸಿದಳು.

ಡಾಕ್ಟರಮ್ಮ ಕೇಳಿದರು, "ಮನೆಯಲ್ಲಿ ಜಗಳ ಆಗುತ್ತಾ?"

"ಇಲ್ಲ ಡಾಕ್ಟ್ರೇ. ಹದಿನಾಲ್ಕು ವರ್ಷದಿಂದ ಒಂದೂ ಆಗಿಲ್ಲ."

"ನಿಮಗೆ ಏನಾಗ್ತಿದೆ?"

"ಅಮ್ಮ ಹೇಳೋದು ತೆಳ್ಳಗಾಗೋ ಹುಚ್ಚು ಅಂತ. ಅಪ್ಪ ಹೇಳೋದು…"

"ನೀವೇನು ಹೇಳ್ತೀರಿ?"

ಸೂಜಿ ಕಾಜಾ ಅಕ್ಕನ ಮುಖ ನೋಡಿದಳು. ಅಕ್ಕ ಬೇಕೆಂದೇ ಕಿಟಕಿಯ ಕಡೆ ತಿರುಗಿದಳು. ಡಾಕ್ಟರಮ್ಮ ಅವಸರ ಮಾಡದೆ ಕೂತಿದ್ದು, ಕೊನೆಗೆ ಮಾತ್ರೆ ಬರೆದರು. ಅದರ ಜೊತೆಗೆ, ಒಂದು ತಿಂಗಳು ಮನೆಯಿಂದ ದೂರ ಇರಬೇಕು, ಯಾರ ಮಾತನ್ನೂ ಯಾರಿಗೂ ದಾಟಿಸಕೂಡದು ಎಂದರು. ಮಾತ್ರೆ ನುಂಗಲು ಅವಳು ಕೂಡಲೇ ಒಪ್ಪಿದಳು. ಎರಡನೆಯದಕ್ಕೆ ಒಪ್ಪಿಸಲು ಕಾಜಾ ಅಕ್ಕನಿಗೆ ಮೂರು ದಿನ ಹಿಡಿಯಿತು.

"ನಾನಿಲ್ಲದಿದ್ರೆ ಅವರಿಬ್ಬರೂ ಬೇರೆ ಆಗಿಬಿಡ್ತಾರೆ ಅಕ್ಕಾ."

"ಈಗ ಭಾರೀ ಸೇರಿಕೊಂಡಿದಾರಲ್ಲ! ನೀನು ಹೀಗೇ ಇದ್ರೆ ನೀನೇ ಎರಡು ಆಗ್ತೀಯ. ಚೀಲ ತಗೋ."

ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಹಾಸಿಗೆ. ಮಂಚ ಸೂಜಿಗೆ ಸಿಕ್ಕಿತು. ಮೊದಲ ನಾಲ್ಕು ದಿನ ಮನೆ ಬಿದ್ದ ಸುದ್ದಿ ಬರುತ್ತದೆಂದು ಕಾದಳು. ಐದನೇ ದಿನ ನಿದ್ದೆ ಬಂತು, ಕೆಲಸಕ್ಕೆ ತಡವಾಗಿ ಇಳಿದಳು. "ಮಹಾರಾಣಿಯವರಿಗೆ ಈಗ ಬೆಳಗಾಯ್ತೋ?" ಎಂದರು ಮಾಸ್ಟರು. ಅವಳು ನಕ್ಕಳು. ಬೈಗುಳವನ್ನು ನೇರವಾಗಿ ತನ್ನದೆಂದೇ ಇಸಿದುಕೊಂಡದ್ದು ಅದೇ ಮೊದಲು. ಅಂದು ದಾರವನ್ನು ಎರಡನೇ ಸಲಕ್ಕೇ ಪೋಣಿಸಿದಳು.

ಹತ್ತೊಂಬತ್ತನೇ ದಿನ ಅಪ್ಪ ಅಮ್ಮ ಅಂಗಡಿಗೆ ಬಂದರು. ಒಟ್ಟಿಗೆ ಬಂದರು. ಅಮ್ಮನ ಚೀಲ ಅಪ್ಪನ ಕೈಯಲ್ಲಿತ್ತು. ಮೆಟ್ಟಿಲಲ್ಲಿ ಅಪ್ಪ, "ನೋಡ್ಕೊಂಡು ಹತ್ತು" ಎಂದದ್ದು ಸೂಜಿಗೆ ಸ್ಪಷ್ಟವಾಗಿ ಕೇಳಿಸಿತು. ನೇರವಾಗಿ, ಅಮ್ಮನಿಗೇ ಹೇಳಿದ್ದು. ಅವಳ ಕಣ್ಣಲ್ಲಿ ನೀರು ಬಂತು. ಮನೆ ಬಿದ್ದಿರಲಿಲ್ಲ, ಎದ್ದು ನಿಂತಿತ್ತು.

"ಅಡುಗೆಮನೆ ನಲ್ಲಿ ಕಿತ್ತುಹೋಯ್ತು" ಎಂದು ಅಮ್ಮ ಶುರುಮಾಡಿದಳು. "ಮನೆ ತುಂಬ ನೀರು. ಹಿಡ್ಕೊಳ್ರೀ ಅಂತ ಕೂಗಿದೆ, ಇವರು ಬಂದು ಹಿಡ್ಕೊಂಡ್ರು. ಬಗ್ಗೋಕೆ ಆಗ್ತಿರಲಿಲ್ಲ ಇವರಿಗೆ. ಯಾಕೆ ಅಂದೆ."

"ವಾರವಾರ ಮೊಣಕಾಲು ವಿಚಾರಿಸ್ತೀಯಲ್ಲ, ಗೊತ್ತಿಲ್ವಾ ಅಂದೆ ನಾನು" ಎಂದ ಅಪ್ಪ.

"ನಾನ್ಯಾವಾಗ ವಿಚಾರಿಸಿದೆ ಅಂದೆ ನಾನು."

ನಲ್ಲಿ ರಿಪೇರಿಯಾದ ಮೇಲೂ ಅವರ ಮಾತು ನಿಂತಿರಲಿಲ್ಲ. ಹತ್ತು ದಿನ ಕೂತು ಹದಿನಾಲ್ಕು ವರ್ಷವನ್ನು ಒಂದೊಂದಾಗಿ ತಾಳೆ ನೋಡಿದ್ದರು.

"ಇವರಿಗೆ ಬದನೆಕಾಯಿ ಇಷ್ಟ ಅಂತ ವಾರಕ್ಕೆ ಎರಡು ಸಲ ಮಾಡಿದೀನಿ. ಕಂಡ್ರೆ ಆಗಲ್ವಂತೆ!"

"ಅಮ್ಮ ಅಳ್ತಿದಾಳೆ ಅಂತ ಇವಳು ಹೇಳಿದ್ದಕ್ಕೆ ಸಿಗರೇಟು ಬಿಟ್ಟೆ ನಾನು."

"ನಾನ್ಯಾಕೆ ಅಳಲಿ? ತಪ್ಪಾಯ್ತು ಅಂದ್ರು ಅಂತ ಸೂಟ್‌ಕೇಸ್ ಬಿಚ್ಚಿದೆನಲ್ಲ, ಈ ಮನುಷ್ಯ ತಪ್ಪಾಯ್ತು ಅನ್ನೋ ಪೈಕೀನಾ? ನನಗೆ ಆವತ್ತೇ ಹೊಳೀಬೇಕಿತ್ತು."

"ಹದಿನಾಲ್ಕು ವರ್ಷ ಸುಳ್ಳು" ಎಂದ ಅಪ್ಪ. "ನಮ್ಮಿಬ್ಬರನ್ನೂ ದೂರ ಇಟ್ಟಿದ್ದು ಯಾರು ಅಂತ ಈಗ ಗೊತ್ತಾಯ್ತು."

ಒಬ್ಬರು ಅರ್ಧಕ್ಕೆ ಬಿಟ್ಟ ಮಾತನ್ನು ಇನ್ನೊಬ್ಬರು ಪೂರೈಸುತ್ತಿದ್ದರು. ಇಷ್ಟು ಅನ್ಯೋನ್ಯವಾದ ಗಂಡಹೆಂಡಿರನ್ನು ಆ ಅಂಗಡಿ ಹಿಂದೆಂದೂ ಕಂಡಿರಲಿಲ್ಲ.

ಕಾಜಾ ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಅಂದ್ರೆ, ಆ ಮನೇಲಿ ಹದಿನಾಲ್ಕು ವರ್ಷ ಆಡಿದ ಒಳ್ಳೆ ಮಾತೆಲ್ಲ ಇವಳೊಬ್ಬಳದೇ ಅನ್ನಿ."

"ಅದನ್ನೇ ರೀ ನಾವೂ ಹೇಳ್ತಿರೋದು!" ಎಂದಳು ಅಮ್ಮ. "ಅಷ್ಟಕ್ಕೂ ನೀವ್ಯಾರು?"

"ಅಕ್ಕ."

"ನಾನು ಹೆತ್ತಿದ್ದು ಒಂದೇ. ಇವಳಿಗೆ ಅಕ್ಕ ಎಲ್ಲಿಂದ ಬಂದ್ಲು?"

"ನೀವು ಹೆರೋದು ಮರೆತಿದ್ರಿ. ನಾನೇ ನೆನಪು ಮಾಡ್ಕೊಂಡು ಬಂದೆ."

ಇಸ್ತ್ರಿ ಮಾವ ಸೂಜಿಯ ಕಿವಿಯಲ್ಲಿ, "ಅವರು ನಿಜವಾಗಿ ಏನೇನಂದಿದ್ರೋ ಅದನ್ನ ಹೇಳೇ" ಎಂದ. ಅವಳಿಗೆ ಎಲ್ಲವೂ ನೆನಪಿತ್ತು. ಎತ್ತು, ನಾಲಿಗೆ, ಎಳೆದುಕೊಂಡು ಹೋಗಬೇಕಿದ್ದ ಬಾಗಿಲು. ಕತ್ತರಿಸಿದ ಚೂರೆಲ್ಲ ಅವಳ ಬಳಿ ಜೋಪಾನವಾಗಿತ್ತು. ನಾಲ್ಕು ಚೂರು ಎಸೆದರೆ ಸಾಕು, ಅಮ್ಮ ತನ್ನ ಚೀಲವನ್ನು ಅಪ್ಪನ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಆಗ ಸುಳ್ಳುಗಾತಿ ಎಂಬ ಹೆಸರೂ ಅಳಿಯುತ್ತಿತ್ತು. ಅವಳು ಆ ಚೀಲವನ್ನೇ ನೋಡಿದಳು.

"ಹೌದು. ಎಲ್ಲ ನಾನೇ ಹೇಳಿದ್ದು" ಎಂದಳು. "ಇನ್ನು ಹೇಳಲ್ಲ."

ಅಪ್ಪ ಅವಳಿಂದ ಎರಡು ಮಾರು ದೂರದಲ್ಲಿದ್ದ. ಅವಳ ಕಡೆ ನೋಡಲಿಲ್ಲ. ಅಮ್ಮನ ಕಡೆ ತಿರುಗಿ, "ಅವಳಿಗೆ ಹೇಳು, ಇನ್ನು ನಮ್ಮ ಮನೆಗೆ ಕಾಲಿಡೋದು ಬೇಡ ಅಂತ" ಎಂದ.

ಅಮ್ಮ ಹೇಳಿದಳು. ಒಂದು ನೂಲೆಳೆಯನ್ನೂ ಕತ್ತರಿಸದೆ ದಾಟಿಸಿದಳು. "ಕಾಲಿಡೋದು ಬೇಡವಂತೆ. ಮುಖ ತೋರಿಸೋದೂ ಬೇಡವಂತೆ." ಮುಖದ ವಿಷಯ ಅಪ್ಪ ಎತ್ತಿಯೇ ಇರಲಿಲ್ಲ.

ಮುಂದಿನ ವಾರ, ಅಪ್ಪ ಹೊರಗಿರುವ ಹೊತ್ತು ನೋಡಿ, ಸೂಜಿ ಕಾಜಾ ಅಕ್ಕನ ಜೊತೆ ಬಟ್ಟೆ ತರಲು ಹೋದಳು. ಅಮ್ಮ ಬಾಗಿಲು ತೆರೆದು ಅಡುಗೆಮನೆಗೆ ಹೋದಳು. ಅಭ್ಯಾಸಬಲದಿಂದ ಸೂಜಿ ಪ್ಯಾಸೇಜಿನಲ್ಲಿ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನಡೆದಳು.

"ಏನೇ ಅದು, ಏಡಿ ಥರ?" ಎಂದಳು ಕಾಜಾ ಅಕ್ಕ.

ಅಲ್ಲಿ ಬೀರು ಇರಲಿಲ್ಲ. ಅದು ಅವಳ ಕೋಣೆಯಲ್ಲಿತ್ತು, ಮಂಚ ಇದ್ದ ಜಾಗದಲ್ಲಿ. ಒಳಗೆ ತರಲು ಬಾಗಿಲಿನ ಚೌಕಟ್ಟನ್ನೇ ಕಿತ್ತಿದ್ದರು. ಸೂಜಿ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಬೀರುವಿನ ಅಗಲ ಅಳೆದಳು, ಆಮೇಲೆ ಪಕ್ಕದ ಮಲಗುವ ಕೋಣೆಯ ಬಾಗಿಲು ಅಳೆದಳು. ಬೀರುವಿನ ಎರಡು ಕದಗಳನ್ನು ಬಿಚ್ಚಿ ಓರೆ ಮಾಡಿದ್ದರೆ ಹದಿನಾಲ್ಕು ವರ್ಷದ ಹಿಂದೆಯೇ ಹೋಗುತ್ತಿತ್ತು. ಅಡುಗೆಮನೆಯ ಕಡೆ ನೋಡಿದಳು. ಯಾರಿಗೂ ಹೇಳಲಿಲ್ಲ.

ತಿಂಗಳ ಕೊನೆಗೆ ಡಾಕ್ಟರಮ್ಮ ತೂಕ ನೋಡಿದರು, ಗಂಟಲು ಹೇಗಿದೆ ಎಂದು ಕೇಳಿದರು. "ಊಟ ಇಳೀತಿದೆ" ಎಂದಳು ಸೂಜಿ. ಅವಳೇ ಹೇಳಿದಳು. ಕೈ ಇನ್ನೂ ನಡುಗುತ್ತದೆ ಎಂದೂ ಹೇಳಿದಳು.

ಹೋದದ್ದು ಇಷ್ಟು. ಹದಿನಾಲ್ಕು ವರ್ಷ. ಏಳು ಕಿಲೋ, ಅದರಲ್ಲಿ ಎರಡು ವಾಪಸು ಬಂದಿದೆ. ತೋರುಬೆರಳಿನ ಅರ್ಧ ಉಗುರು. ಒಂದು ಕೋಣೆ, ಒಂದು ಚೌಕಟ್ಟು. ಒಬ್ಬ ಅಪ್ಪ, ಒಬ್ಬಳು ಅಮ್ಮ.