ಆಚೆ ವಲಯದ ಗಾಡಿ

"ಸಾರ್, ಹೆಣ ಎದ್ದು ನಡ್ಕೊಂಡು ಬರಲ್ಲ ಸಾರ್!"

ಶವಾಗಾರದ ಬಾಗಿಲಲ್ಲಿ ನಿಂತು ಸತ್ತವಳ ತಮ್ಮ ಫೋನಿನಲ್ಲಿ ಕೂಗುತ್ತಿದ್ದ. ಬೆಳಗ್ಗೆಯಿಂದ ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಇದು ಐದನೆಯ ಕರೆ. ಆಸ್ಪತ್ರೆ ಪೂರ್ವ ವಲಯದ್ದು. ಅಕ್ಕನ ಮನೆ ಹೊಳೆಯಾಚೆ, ಪಶ್ಚಿಮ ವಲಯದಲ್ಲಿ. ಪೂರ್ವದ ಶವವಾಹನ ಸೇತುವೆ ದಾಟುವಂತಿಲ್ಲ. ಪಶ್ಚಿಮದ್ದು ಈಚೆ ಬರಲು ಮೇಲಿನವರ ಸಹಿ ಬೇಕು. ಮೇಲಿನವರು ಮೀಟಿಂಗಿನಲ್ಲಿದ್ದರು.

"ಬಿಡು ಮಾಮ," ಎಂದಳು ಬೆಂಚಿನ ಮೇಲೆ ಕೂತಿದ್ದ ಮಗಳು. "ಇಪ್ಪತ್ತಾರು ವರ್ಷ ಅಮ್ಮ ಆ ಫೋನಿನ ಇನ್ನೊಂದು ಕಡೆ ಕೂತಿದ್ಲು."

"ಅವಳು ಕೂತಿದ್ದಿದ್ರೆ ಇಷ್ಟೊತ್ತಿಗೆ ಗಾಡಿ ಬಂದು ವಾಪಸ್ಸೂ ಹೋಗಿರ್ತಿತ್ತು!"

ಆಸ್ಪತ್ರೆಯ ಲಾಂಡ್ರಿ ವ್ಯಾನ್ ಹಿಮ್ಮುಖವಾಗಿ ಬಂದು ಅವರೆದುರು ನಿಂತಿತು. ಇಳಿದವನು ಹಳೆಯ ಆಂಬುಲೆನ್ಸ್ ಡ್ರೈವರ್. ಬೆನ್ನು ಕೆಟ್ಟ ಮೇಲೆ ಅವನಿಗೆ ಈ ಗಾಡಿ ಕೊಟ್ಟಿದ್ದರು.

"ಒಗೆದ ಹೊದಿಕೆ ಹಾಸಿದ್ದೀನಮ್ಮ. ಅಕ್ಕನ್ನ ಇದ್ರಲ್ಲೇ ಕರ್ಕೊಂಡು ಹೋಗೋಣ."

"ಇದು ಸೇತುವೆ ದಾಟಬಹುದಾ?"

"ಎರಡೂ ವಲಯಕ್ಕೆ ಲಾಂಡ್ರಿ ಒಂದೇ. ಕೊಳೆಬಟ್ಟೆಗೆ ಯಾರೂ ತಡೆ ಹಾಕಿಲ್ಲ."

ತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನನ್ನು ಜೇಬಿಗೆ ತುರುಕಿ ಅಕ್ಕನನ್ನೆತ್ತಲು ತಲೆಯ ಕಡೆ ಕೈಹಾಕಿದ.

*

ಹಿಂದೆ ಎರಡೂ ವಲಯಗಳಿಗೆ ಕಂಟ್ರೋಲ್ ರೂಮ್ ಒಂದೇ ಇತ್ತು. ಅದರ ಗೋಡೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಗಾಡಿಗೊಂದು ಗುಂಡುಸೂಜಿ. ಒಂದು ಮಧ್ಯಾಹ್ನ ಪಶ್ಚಿಮ ವಲಯದ ಇಟ್ಟಿಗೆ ಗೂಡಿನಿಂದ ಒಬ್ಬ ಕರೆ ಮಾಡಿದ; ಫೋನ್ ತೆಗೆದವಳು ಅಕ್ಕ. ಹೆಂಡತಿಗೆ ಹೆರಿಗೆ ನೋವು. ಪಶ್ಚಿಮದ ಗಾಡಿ ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿತ್ತು, ಪೂರ್ವದ್ದು ಆರು.

"ಅದು ಆಚೆಯವರ ಕೇಸು ಅಕ್ಕಾ," ಎಂದ ಪೂರ್ವದ ಡ್ರೈವರ್. ಆಗಿನ್ನೂ ಅವನ ಬೆನ್ನು ಗಟ್ಟಿಯಿತ್ತು.

"ಆಚೆ ಈಚೆ ನಾನು ನೋಡ್ಕೋತೀನಿ. ನೀನು ರಸ್ತೆ ನೋಡು."

ತಾಯಿ, ಮಗು ಉಳಿದರು. ವಾರದೊಳಗೆ ನಿಯಮ ಮೀರಿದ್ದಕ್ಕೆ ಅಕ್ಕನಿಗೆ ಮೆಮೊ ಬಂತು. ಒಂದೇ ಸಾಲಿನ ಉತ್ತರ ಬರೆದಳು: "ಗಡಿ ಎಲ್ಲಿದೆಯೆಂದು ಮಗುವಿಗೆ ತಿಳಿದಿರಲಿಲ್ಲ." ನಿವೃತ್ತಿಯ ಹೊತ್ತಿಗೆ ಅಂಥ ಮೆಮೊ ಹನ್ನೊಂದಾದವು, ಬಡ್ತಿ ಒಂದೂ ಆಗಲಿಲ್ಲ.

*

ಸ್ಮಶಾನಕ್ಕೆ ಎರಡೂ ವಲಯದ ಡ್ರೈವರುಗಳು ಸಮವಸ್ತ್ರದಲ್ಲೇ ಬಂದಿದ್ದರು. ಒಬ್ಬರ ಕೈಯಿಂದ ಒಬ್ಬರು ಸಲಿಕೆ ತೆಗೆದುಕೊಂಡು ಗುಂಡಿ ಮುಚ್ಚಿದರು. ಎಲ್ಲ ಮುಗಿದ ಮೇಲೆ, ಕೊರಳಿಗೆ ಪಶ್ಚಿಮದ ಕಂಟ್ರೋಲ್ ರೂಮಿನ ಗುರುತಿನ ಚೀಟಿ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಮಗಳ ಹತ್ತಿರ ಬಂದಳು.

"ಮೊನ್ನೆ ನಿಮ್ಮ ಕರೆ ತಗೊಂಡಿದ್ದು ನಾನು."

ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ಕುಸಿದಿದ್ದಳು. ಮುಕ್ಕಾಲು ಗಂಟೆ ಕಾದು, ಪಕ್ಕದ ಮನೆಯವರ ಕಾರಿನಲ್ಲಿ ಸೇತುವೆ ದಾಟಿಸಿದಾಗ, ಆಸ್ಪತ್ರೆಯ ಅಂಗಳದಲ್ಲಿ ಮೂರು ಆಂಬುಲೆನ್ಸ್ ಸುಮ್ಮನೆ ನಿಂತಿದ್ದವು. ಅಮ್ಮನ ಉಸಿರು ನಿಂತಿತ್ತು.

"ಎರಡು ಕಿಲೋಮೀಟರು!" ಮಗಳ ಧ್ವನಿ ಏರಿತು. "ಪಿನ್‌ಕೋಡ್ ಕೇಳಿದ್ರಿ, ಮನೆ ಗುರುತು ಕೇಳಿದ್ರಿ, ಗಾಡಿ ಮಾತ್ರ ಕಳಿಸ್ಲಿಲ್ಲ."

"ನಮ್ಮ ಗಾಡಿಗಳೆಲ್ಲ ದೂರ ಇದ್ವು. ಈಗ ಕಂಟ್ರೋಲ್ ರೂಮ್ ಬೇರೆ ಬೇರೆ. ನನ್ನ ಪರದೆಯಲ್ಲಿ ಹೊಳೆಯಾಚೆ ಬರೀ ಬೂದು ಬಣ್ಣ, ಗಾಡಿ ಕಾಣೋದೇ ಇಲ್ಲ. ವಿಳಾಸ ಬರ್ಕೊಳ್ಳುವಾಗ ಅಕ್ಕನ ಮನೆ ಅಂತ ಗೊತ್ತಾಯ್ತು. ನಂಗೆ ಕೆಲಸ ಕಲಿಸಿದ್ದೇ ಅವರು. ಆಚೆ ಕಚೇರಿಗೆ ಮೂರು ಸಲ ಫೋನ್ ಮಾಡ್ದೆ. ಮನವಿ ಬರೆದು ಕಳಿಸಿ ಅಂದ್ರು. ಕಳಿಸ್ದೆ."

"ಆಮೇಲೆ?"

"ಇವತ್ತು ಬೆಳಗ್ಗೆ ಉತ್ತರ ಬಂತು." ಹುಡುಗಿ ತಲೆ ತಗ್ಗಿಸಿದಳು. "ಗಾಡಿ ಕಳಿಸೋಕೆ ಒಪ್ಪಿಗೆ ಇದೆಯಂತೆ."

ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು ಮಗಳಿಗೆ. ಆ ಕೆನ್ನೆ ಆಗಲೇ ಒದ್ದೆಯಾಗಿತ್ತು.

"ನೇರ ಡ್ರೈವರಿಗೇ ಮಾಡ್ಬಾರ್ದಿತ್ತಾ?"

"ಆಚೆಯವರದ್ದು ಒಂದು ನಂಬರೂ ನಮ್ಮ ಹತ್ರ ಇಲ್ಲ."

ಮಗಳು ಮಾಮನ ಜೇಬಿನಿಂದ ಪೆನ್ನು ಕಿತ್ತು ಅವಳ ಕೈಗಿಟ್ಟಳು. ಕೈಕಾಲು ತೊಳೆಯಲು ನಲ್ಲಿಯತ್ತ ಹೊರಟಿದ್ದ ಡ್ರೈವರುಗಳನ್ನು ಕೂಗಿದಳು. "ಅಣ್ಣಂದಿರಾ, ಒಂದು ನಿಮಿಷ ನಿಲ್ಲಿ. ಒಬ್ಬೊಬ್ಬರೇ ನಂಬರ್ ಹೇಳಿ, ಇವಳು ಬರ್ಕೊಳ್ಳಲಿ."

ಮಣ್ಣುಗೈಯಲ್ಲೇ ಅವರು ಸಾಲು ನಿಂತರು. ಒಬ್ಬ ಹೇಳಿದ, ಇನ್ನೊಬ್ಬ ಹೇಳಿದ. ಹುಡುಗಿಯ ಅಂಗೈ ತುಂಬಿತು. ಅವಳು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಮಣಿಕಟ್ಟಿನಿಂದ ಮೇಲಕ್ಕೆ ಬರೆಯತೊಡಗಿದಳು.